‘ಕಾರ್ಪೆಟ್’ ಸಮಾಸಪದವಲ್ಲ, ‘ಐಸ್ ಕ್ರೀಮ್’ ಸಮಾಸಪದ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಶಾಲೆಯ ಐದನೇ ತರಗತಿಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಮಾದರಿ ಉತ್ತರಗಳಲ್ಲಿ ತಪ್ಪುಗಳಿವೆ ಎಂದು ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ನಿಜ. ಆದರೆ ಅದರಲ್ಲಿ ಅಧಿಕಾರಿಗಳು ಇದನ್ನು ‘ಸಣ್ಣಪುಟ್ಟ ಮುದ್ರಣದೋಷ’ ಎಂದಿರುವುದನ್ನು ಓದಿದ ಮೇಲೆ ಸುಮ್ಮನಿರಲು ಮನಸ್ಸು ಬರಲಿಲ್ಲ. ಕಾಂಪೌಂಡ್ ವರ್ಡ್‌ಗಳನ್ನು, ಅಂದರೆ ಪದಗಳು ಕೂಡಿ ಒಂದಾದ ಸಮಾಸಪದಗಳನ್ನು, ಗುರುತಿಸುವ ಪ್ರಶ್ನೆಯಲ್ಲಿ ನನ್ನ ಮಗಳು ‘ಐಸ್ ಕ್ರೀಮ್’ಗೆ ಗೆರೆ ಎಳೆದು ‘ಕಾರ್ಪೆಟ್’ ಅನ್ನು ಬಿಟ್ಟಿದ್ದಳು. ಉತ್ತರ ತಿದ್ದಿದವರು ಎರಡಕ್ಕೂ ಕೆಂಪು ಶಾಯಿಯಲ್ಲಿ ತಪ್ಪು ಹಾಕಿ, ಪಕ್ಕದಲ್ಲಿ ‘ಕಾರ್ + ಪೆಟ್’ ಎಂದು ಬಿಡಿಸಿ ಬರೆದಿದ್ದಾರೆ. ಸಾಲದೆಂಬಂತೆ ಅದನ್ನು ಹತ್ತು ಸಲ ಬರೆದು ತರಲು ಹೇಳಿದ್ದಾರೆ. ಇದು ಮುದ್ರಣದೋಷ ಹೇಗಾಗುತ್ತದೆ?

ಒಂದು ಪದದೊಳಗೆ ಎರಡು ಪದ ಕಂಡರೆ ಅದು ಸಮಾಸ ಎಂದು ತಿಳಿದಿರುವುದೇ ಈ ತಪ್ಪಿನ ಮೂಲ. ಕಾರ್ಪೆಟ್ ಎಂಬುದು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಒಂದೇ ಪದ. ಕಾರಿಗೂ ಸಾಕುಪ್ರಾಣಿಗೂ ನೆಲಹಾಸಿಗೂ ಯಾವ ನಂಟೂ ಇಲ್ಲ. ಹ್ಯಾಂಬರ್ಗರ್ ಕೂಡ ಹಾಗೆಯೇ, ‘ಹ್ಯಾಮ್ + ಬರ್ಗರ್’ ಅಲ್ಲ, ಜರ್ಮನಿಯ ಹ್ಯಾಂಬರ್ಗ್ ಊರಿನ ಹೆಸರಿನಿಂದ ಬಂದದ್ದು. ಬಿಡಿಸಿದ ಭಾಗಗಳಿಂದ ಪದದ ಅರ್ಥ ಹೇಳುವ ಒಂದು ವಿಗ್ರಹವಾಕ್ಯ ಹುಟ್ಟಬೇಕು ಎಂದು ನಮ್ಮ ಕನ್ನಡ ಮೇಷ್ಟ್ರು ಕಲಿಸಿದ್ದರು: ಹಿರಿದಾದ ದಾರಿ ಹೆದ್ದಾರಿ. ‘ಕಲ್ಲಂಗಡಿ’ಯನ್ನು ಕಲ್ಲಿನ ಅಂಗಡಿ ಎಂದು ಬಿಡಿಸಿದರೆ ಒಂದನೇ ತರಗತಿಯ ಮಗುವೂ ಒಪ್ಪುವುದಿಲ್ಲ. ಇಂಗ್ಲಿಷಿಗೆ ಮಾತ್ರ ಈ ವಿವೇಕ ಬೇಡವೇ?

ಇನ್ನು ‘ಐಸ್ ಕ್ರೀಮ್’. ನಡುವೆ ಜಾಗ ಇರುವುದರಿಂದ ಅದು ಎರಡು ಪದ ಎಂಬುದು ತಿದ್ದಿದವರ ವಾದ. ಇಂಗ್ಲಿಷಿನಲ್ಲಿ ಸಮಾಸಪದವನ್ನು ನೋಟ್‌ಬುಕ್‌ನಂತೆ ಕೂಡಿಸಿಯೂ, ಮದರ್-ಇನ್-ಲಾದಂತೆ ಅಡ್ಡಗೆರೆ ಹಾಕಿಯೂ, ಬಸ್ ಸ್ಟಾಪ್‌ನಂತೆ ಬಿಡಿಯಾಗಿಯೂ ಬರೆಯುತ್ತಾರೆ. 2007ರಲ್ಲಿ ‘ಶಾರ್ಟರ್ ಆಕ್ಸ್‌ಫರ್ಡ್’ ಇಂಗ್ಲಿಷ್ ನಿಘಂಟು ಸುಮಾರು 16,000 ಪದಗಳ ಅಡ್ಡಗೆರೆ ತೆಗೆದು, ಕೆಲವನ್ನು ಕೂಡಿಸಿ ಕೆಲವನ್ನು ಬಿಡಿಸಿ ಅಚ್ಚು ಹಾಕಿತು. ಬದಲಾದದ್ದು ಬರವಣಿಗೆಯೇ ಹೊರತು ಪದಗಳಲ್ಲ. ನೋಡಬೇಕಾದದ್ದು ಬೇರೆ. ‘ಗುಡ್ ಐಸ್ ಕ್ರೀಮ್’ ಎನ್ನಬಹುದು, ‘ಐಸ್ ಗುಡ್ ಕ್ರೀಮ್’ ಎನ್ನಲಾಗದು. ನಡುವೆ ಇನ್ನೊಂದು ಪದ ತೂರುವುದಿಲ್ಲ. ಉಚ್ಚಾರಣೆಯೂ ಬಹಳ ಸಲ ಗುಟ್ಟು ಬಿಟ್ಟುಕೊಡುತ್ತದೆ: ಒತ್ತು ಮೊದಲ ಭಾಗದ ಮೇಲೆ ಬಿದ್ದ ‘ಬ್ಲ್ಯಾಕ್‌ಬರ್ಡ್’ ಒಂದು ಜಾತಿಯ ಹಕ್ಕಿ, ಹಾಗೆ ಬೀಳದಿದ್ದರೆ ಯಾವುದೋ ಕಪ್ಪು ಹಕ್ಕಿ. ಆ ಜಾತಿಯ ಹೆಣ್ಣು ಹಕ್ಕಿ ಕಂದು ಬಣ್ಣದ್ದು, ಆದರೂ ಅದರ ಹೆಸರು ಬ್ಲ್ಯಾಕ್‌ಬರ್ಡೇ. ಇಷ್ಟನ್ನು ಮಕ್ಕಳಿಗೆ ಹೇಳಿಕೊಡಲು ಒಂದು ಪೀರಿಯಡ್ ಸಾಕು.

ಇದನ್ನೇ ಬರೆದುಕೊಂಡು ಸೋಮವಾರ ಅರ್ಧ ದಿನ ರಜೆ ಹಾಕಿ, ಎರಡು ಬಸ್ ಹತ್ತಿಳಿದು ಆ ಅಧಿಕಾರಿಗಳ ಕಚೇರಿಗೆ ಹೋದೆ. ಸಾಹೇಬರು ಮೀಟಿಂಗ್‌ನಲ್ಲಿದ್ದರು. ಎರಡು ಗಂಟೆ ಬೆಂಚಿನ ಮೇಲೆ ಕೂತ ಮೇಲೆ ಗುಮಾಸ್ತರು ಅರ್ಜಿ ಎರಡು ಪ್ರತಿ ಬೇಕೆಂದರು. ಝೆರಾಕ್ಸ್ ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ. ಕೈಯಲ್ಲಿ ಇನ್ನೊಂದು ಪ್ರತಿ ಬರೆದು ತರುವಷ್ಟರಲ್ಲಿ ಊಟದ ಹೊತ್ತೆಂದು ಬಾಗಿಲು ಹಾಕಿದ್ದರು. ಹೋದ ವರ್ಷ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಸಂಧಿಯನ್ನೂ ಸಮಾಸವನ್ನೂ ಒಂದು ಮಾಡಿದ್ದಾಗ ಕೊಟ್ಟ ಅರ್ಜಿಗೆ ಇಂದಿಗೂ ಉತ್ತರವಿಲ್ಲ. ಅದರ ಹಿಂದಿನ ವರ್ಷ ಪಠ್ಯಪುಸ್ತಕ ಬಂದದ್ದೇ ಆಗಸ್ಟ್‌ನಲ್ಲಿ. ಆಗಲೂ ಇದೇ ಬೆಂಚು, ಇದೇ ಮಾತು.

ತಕ್ಷಣ ಮಾದರಿ ಉತ್ತರಗಳನ್ನು ತಿದ್ದಿ ಎಲ್ಲ ಮಕ್ಕಳ ಅಂಕ ಸರಿಪಡಿಸಬೇಕು. ಅದಾಗದಿದ್ದರೆ ಆ ಪ್ರಶ್ನೆಯನ್ನೇ ಕೈಬಿಡಬೇಕು. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಇನ್ನಾದರೂ ಒಂದು ನಿಘಂಟು ತೆರೆದು ನೋಡಲಿ. ಸರಿಯಾದ ಉತ್ತರ ಬರೆದ ಹತ್ತು ವರ್ಷದ ಮಗುವಿನ ಕೈಯಲ್ಲಿ ತಪ್ಪನ್ನು ಹತ್ತು ಸಲ ಬರೆಸಲು ಇವರಿಗೆ ನಾಚಿಕೆಯಾಗಬೇಕು.

— ಒಬ್ಬ ಪೋಷಕ