ಕಂಚಿಗೆ ಹೋದರೆ ಆ ಕನ್ನಡ ಕಂಬವನ್ನೂ ನೋಡಿ ಬನ್ನಿ

ಮಾನ್ಯರೇ,

ಹೋದ ಭಾನುವಾರ ನಿಮ್ಮ ಪ್ರವಾಸ ಪುಟದಲ್ಲಿ ಕಂಚಿಯ ಬಗ್ಗೆ ಬಂದ ಬರಹ ಓದಿದೆ. ಕಾಮಾಕ್ಷಿ ಗುಡಿ, ವರದರಾಜಸ್ವಾಮಿ ಗುಡಿಯ ಬಂಗಾರದ ಹಲ್ಲಿ, ರೇಷ್ಮೆ ಸೀರೆ, ಮೆಣಸು ಜೀರಿಗೆ ಹಾಕಿದ ಕಂಚಿ ಇಡ್ಲಿ, ಎಲ್ಲ ಇತ್ತು. ಚೆನ್ನಾಗಿಯೇ ಇತ್ತು. ಆದರೆ ಕೈಲಾಸನಾಥ ಗುಡಿಗೆ ಸಿಕ್ಕಿದ್ದು ಒಂದೇ ಸಾಲು. ಅದೂ ‘ಸಮಯ ಉಳಿದರೆ ನೋಡಬಹುದು’ ಅಂತ. ಅದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ನನ್ನ ಪ್ರಕಾರ ಕನ್ನಡದವರು ಕಂಚಿಯಲ್ಲಿ ಮೊದಲು ಕಾಲಿಡಬೇಕಾದ ಜಾಗವೇ ಅದು.

ಹತ್ತು ವರ್ಷದ ಹಿಂದೆ ನಾನೂ ಅದನ್ನು ನೋಡದೆ ವಾಪಸ್ ಬಂದವಳು. ಬೆಂಗಳೂರಿನಿಂದ ರಾತ್ರಿ ಬಸ್ಸು, ಬೆಳಿಗ್ಗೆ ಸ್ನಾನ, ಮೂರು ಗುಡಿ, ಮಧ್ಯಾಹ್ನ ಗುಡಿಗಳ ಬಾಗಿಲು ಹಾಕಿದ ಮೇಲೆ ಸೀರೆ ಅಂಗಡಿಯಲ್ಲಿ ಮೂರು ಗಂಟೆ, ಸಂಜೆ ಮತ್ತೆ ಬಸ್ಸು. ಕೈಲಾಸನಾಥ ಇರುವುದು ಊರಿನ ಪಶ್ಚಿಮದ ಅಂಚಿನಲ್ಲಿ. ಆಟೋದಲ್ಲಿ ಹೋದರೆ ಹತ್ತು ನಿಮಿಷ. ‘ಅಲ್ಲಿ ಪೂಜೆ ಗೀಜೆ ಜಾಸ್ತಿ ಇಲ್ಲ, ಹಳೇ ಕಲ್ಲು ಅಷ್ಟೇ’ ಅಂದರು ನಮ್ಮನ್ನು ಕರೆದುಕೊಂಡು ಹೋದವರು. ನಾವೂ ತಲೆ ಆಡಿಸಿದೆವು. ಬಸ್ಸಿನ ತುಂಬ ಕನ್ನಡದವರೇ ಇದ್ದೆವು. ಆ ಹಳೇ ಕಲ್ಲಿನ ಮೇಲೆ ಕನ್ನಡ ಇದೆ ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಈ ಸಲ ಮಗಳ ಮದುವೆ ಸೀರೆಗೆ ಅಂತ ಮನೆಯವರೆಲ್ಲ ಕಾರಿನಲ್ಲಿ ಹೋದೆವು. ನನ್ನ ಅಣ್ಣನ ಮಗ ಇತಿಹಾಸ ಓದುವ ಹುಡುಗ. ಸೀರೆ ಆಮೇಲೆ, ಮೊದಲು ಕೈಲಾಸನಾಥ ಅಂತ ಹಟ ಹಿಡಿದ. ಬೆಳಿಗ್ಗೆ ಏಳೂವರೆಗೆಲ್ಲ ಅಲ್ಲಿದ್ದೆವು. ಗುಡಿಯ ಮುಂದೆ ಹುಲ್ಲು, ದೂರದಲ್ಲಿ ಒಂದು ನಂದಿ, ಜನವೇ ಇಲ್ಲ. ಕಂಚಿಯ ಬೇರೆ ಗುಡಿಗಳ ಹಾಗೆ ಆಕಾಶ ಮುಟ್ಟುವ ಗೋಪುರ ಇದಕ್ಕಿಲ್ಲ. ಮರಳುಗಲ್ಲಿನ ಗುಡಿ, ಬಣ್ಣ ಒಂಥರಾ ಹಳೇ ಬೆಲ್ಲದ ಹಾಗೆ. ಪಲ್ಲವರ ರಾಜಸಿಂಹ, ಅಂದರೆ ಇಮ್ಮಡಿ ನರಸಿಂಹವರ್ಮ, ಸುಮಾರು ಕ್ರಿ.ಶ. 700ರ ಹೊತ್ತಿಗೆ ಕಟ್ಟಿಸಿದ್ದು. ಒಳಗೆ ಹೋದರೆ ಅಂಗಳದ ಸುತ್ತ ಸಾಲಾಗಿ ಪುಟ್ಟ ಪುಟ್ಟ ಗುಡಿಗಳು, ಒಟ್ಟು 58. ಒಂದೊಂದರಲ್ಲೂ ಶಿವ. ಕೆಲವು ಗೂಡುಗಳ ಒಳಗೆ ಬಗ್ಗಿ ನೋಡಿದರೆ ಹಳೆಯ ಚಿತ್ರಗಳ ಚೂರು ಕಾಣುತ್ತದೆ. ಒಂದು ಕಣ್ಣು, ಒಂದು ಕೆನ್ನೆ, ಕೆಂಪು ಗೆರೆಯಲ್ಲಿ ಒಂದು ಕಿರೀಟ. ಸಾವಿರದ ಮುನ್ನೂರು ವರ್ಷದ ಬಣ್ಣ ಅದು! ನನ್ನ ಮಗಳು ಸೀರೆ ವಿಷಯವನ್ನೇ ಮರೆತು ಒಂದೊಂದೇ ಗೂಡಿಗೆ ಇಣುಕುತ್ತಾ ಹೋದಳು.

ಗರ್ಭಗುಡಿಯಲ್ಲಿ ಹದಿನಾರು ಪಟ್ಟಿಯ ದೊಡ್ಡ ಲಿಂಗ. ಅದರ ಸುತ್ತ ಹೋಗಲು ಒಂದು ಕಿರಿದಾದ ದಾರಿ. ಬಗ್ಗಿ, ತೆವಳಿ ಒಳಗೆ ಹೋಗಬೇಕು, ಹಾಗೇ ತೆವಳಿ ಹೊರಗೆ ಬರಬೇಕು. ಮತ್ತೆ ಹುಟ್ಟಿ ಬಂದ ಹಾಗೆ ಅಂತ ಅಲ್ಲಿನವರ ನಂಬಿಕೆ. ಮಂಡಿ ನೋವಿದ್ದವರು ಸ್ವಲ್ಪ ಯೋಚಿಸಿ ಹೋಗಿ.

ಇಷ್ಟಾದ ಮೇಲೆ ಹುಡುಗ ನಮ್ಮನ್ನು ಮಂಟಪದ ಒಂದು ಕಂಬದ ಹತ್ತಿರ ನಿಲ್ಲಿಸಿದ. ಕಲ್ಲು ಸವೆದಿದೆ, ಬೆಳಕು ಕಡಿಮೆ. ಮೊದಲು ನನಗೆ ಏನೂ ಕಾಣಲಿಲ್ಲ. ಅಲ್ಲಿದ್ದ ಒಬ್ಬ ತಮಿಳು ಹಿರಿಯರು ನಾವು ತಡಕಾಡುವುದನ್ನು ನೋಡಿ, ಏನೂ ಕೇಳದೆ, ತಮ್ಮ ಫೋನಿನ ಟಾರ್ಚ್ ಹಚ್ಚಿ ಬದಿಯಿಂದ ಬೆಳಕು ಹಿಡಿದರು. ಆಗ ಅಕ್ಷರಗಳು ಮೆಲ್ಲಗೆ ಎದ್ದು ಬಂದವು. ಹಳೆಯ ಲಿಪಿ, ನನಗೆ ಓದಲು ಬರಲಿಲ್ಲ. ಆದರೂ ತಮಿಳುನಾಡಿನ ಮಧ್ಯೆ, ಪಲ್ಲವರ ರಾಜಧಾನಿಯಲ್ಲಿ, ಅವರದೇ ಗುಡಿಯಲ್ಲಿ ಕನ್ನಡ! ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ.

ಅದರ ಕಥೆ ಹೀಗಿದೆ. 642ರಲ್ಲಿ ಪಲ್ಲವರ ಒಂದನೇ ನರಸಿಂಹವರ್ಮ ನಮ್ಮ ಬಾದಾಮಿಯ ಮೇಲೆ ಬಿದ್ದ. ಇಮ್ಮಡಿ ಪುಲಕೇಶಿ ಸೋತ. ಊರು ಹತ್ತು ವರ್ಷಕ್ಕೂ ಮೀರಿ ಪಲ್ಲವರ ಕೈಯಲ್ಲಿತ್ತು. ನರಸಿಂಹವರ್ಮ ‘ವಾತಾಪಿಕೊಂಡ’, ಅಂದರೆ ಬಾದಾಮಿಯನ್ನು ಗೆದ್ದವನು, ಅಂತ ಬಿರುದು ಇಟ್ಟುಕೊಂಡ, ಬಾದಾಮಿಯ ಬಂಡೆ ಮೇಲೆ ಅವನ ಶಾಸನ ಇವತ್ತಿಗೂ ಇದೆ. ಅದಾಗಿ ಹೆಚ್ಚುಕಡಿಮೆ ನೂರು ವರ್ಷಕ್ಕೆ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು ಒಳಗೆ ಬಂದ. ಮುಯ್ಯಿ ತೀರಿಸಲು ಅದಕ್ಕಿಂತ ಒಳ್ಳೆ ಹೊತ್ತು ಬೇಕಿತ್ತಾ? ಅವನು ಊರನ್ನು ಸುಡಲಿಲ್ಲ. ಈ ಗುಡಿಗೆ ಬಂದ, ದೇವರ ಸಂಪತ್ತನ್ನು ನೋಡಿದ, ಅದನ್ನು ದೇವರಿಗೇ ವಾಪಸ್ ಬಿಟ್ಟ. ಹಾಗಂತ ಆ ಕಂಬದ ಮೇಲೆ ಬರೆಸಿದ. ಅವನ ಮಗ ಇಮ್ಮಡಿ ಕೀರ್ತಿವರ್ಮನ ಕೆಂದೂರು ತಾಮ್ರಶಾಸನವೂ ಇದನ್ನೇ ಹೇಳುತ್ತದೆ. ಕಂಚಿಯನ್ನು ಹಾಳು ಮಾಡದೆ ಒಳಗೆ ಹೋದ, ಬಡವರಿಗೆ, ಬ್ರಾಹ್ಮಣರಿಗೆ ದಾನ ಮಾಡಿದ ಅಂತ.

ಕಂಬದ ಶಾಸನದ ಕೊನೆಯಲ್ಲಿ ಒಂದು ಶಾಪ ಇದೆ. ಈ ಅಕ್ಷರವನ್ನು ಅಳಿಸಿದವರು ಈ ಊರಿನ ಘಟಿಕೆಯ ಜನರನ್ನು ಕೊಂದವರು ಹೋಗುವ ಲೋಕಕ್ಕೆ ಹೋಗುತ್ತಾರೆ ಅಂತ. ಘಟಿಕೆ ಅಂದರೆ ಕಂಚಿಯ ದೊಡ್ಡ ವಿದ್ಯಾಕೇಂದ್ರ. ಆ ಹೆಸರು ಕೇಳಿದ ಕೂಡಲೇ ನಮಗೆ ಇನ್ನೊಬ್ಬನ ನೆನಪಾಗಬೇಕು ಅಲ್ವಾ? ತಾಳಗುಂದದ ಮಯೂರಶರ್ಮ. ಅಜ್ಜ ವೀರಶರ್ಮನ ಜೊತೆ ಓದಲು ಅಂತ ಹೋದದ್ದು ಇದೇ ಘಟಿಕೆಗೆ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ, ಅವಮಾನ ತಡೆಯಲಾರದೆ ಪುಸ್ತಕ ಬಿಟ್ಟು ಕತ್ತಿ ಹಿಡಿದ. ಬನವಾಸಿಯ ಕದಂಬ ರಾಜ್ಯ ಹುಟ್ಟಿದ್ದು ಅಲ್ಲಿಂದ. ತಾಳಗುಂದದ ಕಂಬದಲ್ಲಿ ಇದೆಲ್ಲ ಇದೆ. ಒಬ್ಬ ಕಂಚಿಯ ಘಟಿಕೆಯಿಂದ ಸಿಟ್ಟು ಮಾಡಿಕೊಂಡು ಎದ್ದು ಬಂದ. ನಾನೂರು ವರ್ಷ ಕಳೆದ ಮೇಲೆ ಇನ್ನೊಬ್ಬ ಗೆದ್ದು ಬಂದು, ಅದೇ ಘಟಿಕೆಯವರ ಹೆಸರು ಹೇಳಿ ಆಣೆ ಹಾಕಿದ. ಈ ಎರಡು ಕಂಬಗಳನ್ನು ಒಟ್ಟಿಗೆ ಇಟ್ಟು ಮಕ್ಕಳಿಗೆ ಪಾಠ ಹೇಳಿದರೆ ಎಷ್ಟು ಚೆನ್ನಾಗಿರುತ್ತದೆ!

ಇಲ್ಲಿಗೆ ಮುಗಿಯಲಿಲ್ಲ. ವಿಕ್ರಮಾದಿತ್ಯ ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಲೋಕೇಶ್ವರ ಗುಡಿ ಕಟ್ಟಿಸಿದಳು. ನಾವು ಈಗ ವಿರೂಪಾಕ್ಷ ಅನ್ನುವುದು ಅದನ್ನೇ. ಕಟ್ಟಿದ ಸೂತ್ರಧಾರಿ ಗುಂಡನ ಹೆಸರೂ ಅಲ್ಲಿ ಕೆತ್ತಿದೆ. ಕೈಲಾಸನಾಥದ ಅಂಗಳದಲ್ಲಿ ನಿಂತಾಗ ನನಗೆ ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸುತ್ತಲೇ ಇತ್ತು. ಕಾರಿನಲ್ಲಿ ಕೂತ ಮೇಲೆ ಹೊಳೆಯಿತು, ಪಟ್ಟದಕಲ್ಲು. ಆ ಶಿಖರ, ಪ್ರಾಕಾರದ ಉದ್ದಕ್ಕೂ ಆ ಪುಟ್ಟ ಗುಡಿಗಳು. ಪಟ್ಟದಕಲ್ಲು ನೋಡಿದವರು ಕಂಚಿಯನ್ನೂ, ಕಂಚಿ ನೋಡಿದವರು ಪಟ್ಟದಕಲ್ಲನ್ನೂ ನೋಡಲೇಬೇಕು.

ಅಲ್ಲಿಂದ ವೈಕುಂಠ ಪೆರುಮಾಳ್ ಗುಡಿಗೆ ಹೋಗಿ. ವಿಕ್ರಮಾದಿತ್ಯನಿಗೆ ಸೋತ ಇಮ್ಮಡಿ ನಂದಿವರ್ಮ ಕಟ್ಟಿಸಿದ್ದು. ಮೂರು ಅಂತಸ್ತಿನಲ್ಲಿ ವಿಷ್ಣು ಕೂತಿದ್ದಾನೆ, ಮಲಗಿದ್ದಾನೆ, ನಿಂತಿದ್ದಾನೆ. ಸುತ್ತಿನ ಪಡಸಾಲೆಯ ಗೋಡೆಯ ಮೇಲೆ ಪಲ್ಲವರ ವಂಶದ ಕಥೆಯನ್ನು ಸಾಲು ಸಾಲಾಗಿ ಕೆತ್ತಿದ್ದಾರೆ. ಹನ್ನೆರಡು ವರ್ಷದ ಹುಡುಗನಾಗಿದ್ದ ನಂದಿವರ್ಮನನ್ನು ರಾಜನನ್ನಾಗಿ ಆರಿಸಿದ ಕಥೆಯೂ ಅದರಲ್ಲಿದೆ. ಗೆದ್ದವನ ಮಾತು ಒಂದು ಗುಡಿಯಲ್ಲಿ, ಸೋತವನ ಮನೆತನದ ಕಥೆ ಇನ್ನೊಂದರಲ್ಲಿ. ಒಂದೇ ಬೆಳಿಗ್ಗೆಯಲ್ಲಿ ಎರಡನ್ನೂ ನೋಡಬಹುದು.

ಕಂಚಿಯ ಹತ್ತಿರವೇ ವೇಗವತಿ ಹೊಳೆಯ ಬದಿಯಲ್ಲಿ ತಿರುಪ್ಪರುತ್ತಿಕುನ್ರಂ ಇದೆ. ಜಿನಕಂಚಿ ಅಂತಲೂ ಕರೆಯುತ್ತಾರೆ. ಅಲ್ಲಿನ ಬಸದಿಯ ಸಂಗೀತ ಮಂಟಪವನ್ನು 1387ರಲ್ಲಿ ಕಟ್ಟಿಸಿದವನು ವಿಜಯನಗರದ ದಂಡನಾಯಕ ಇರುಗಪ್ಪ. ಹಂಪಿಯ ಗಾಣಗಿತ್ತಿ ಬಸದಿಯೂ ಅವನದೇ. ಮಂಟಪದ ಮಾಳಿಗೆ ತುಂಬ ತೀರ್ಥಂಕರರ ಕಥೆಯ ಚಿತ್ರಗಳು. ಇನ್ನು ಏಕಾಂಬರನಾಥ ಗುಡಿಯ ಆ ದೊಡ್ಡ ಗೋಪುರ, 1509ರಲ್ಲಿ ಕೃಷ್ಣದೇವರಾಯ ಕಟ್ಟಿಸಿದ್ದು. ವರದರಾಜಸ್ವಾಮಿ ಸನ್ನಿಧಿಯಲ್ಲಿ ಸೇವೆ ಮಾಡಿದ ರಾಮಾನುಜರೇ ಮುಂದೆ ನಮ್ಮ ಮೇಲುಕೋಟೆಗೆ ಬಂದವರು. ಇದನ್ನೆಲ್ಲ ಯಾರಾದರೂ ಬಸ್ಸಿನಲ್ಲಿ ಮೈಕ್ ಹಿಡಿದು ಹತ್ತು ನಿಮಿಷ ಹೇಳಿದ್ದರೆ ಹತ್ತು ವರ್ಷದ ಹಿಂದೆಯೇ ನಾವು ನಲವತ್ತು ಜನ ಬೇರೆ ಕಣ್ಣಿಂದ ಕಂಚಿಯನ್ನು ನೋಡುತ್ತಿದ್ದೆವು.

ಒಂದು ಮಾತು ಒತ್ತಿ ಹೇಳಬೇಕು. ನಾವು ಗೆದ್ದೆವು ಅಂತ ಎದೆ ತಟ್ಟಿಕೊಳ್ಳಲು ಅಲ್ಲಿಗೆ ಹೋಗಬೇಡಿ. ಗೆದ್ದವರು ಬಹಳ ಜನ ಇದ್ದಾರೆ. ಇವನು ಗೆದ್ದೂ ವಾಪಸ್ ಕೊಟ್ಟ, ಅದನ್ನು ನೋಡಲು ಹೋಗಿ. ಟಾರ್ಚ್ ಹಿಡಿದ ಆ ಹಿರಿಯರಿಗೆ ಹುಡುಗ ತನ್ನ ಅರೆಬರೆ ತಮಿಳಿನಲ್ಲಿ ಇದನ್ನು ವಿವರಿಸಿದ. ಅವರು ಕಂಬವನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ ಕೈ ಮುಗಿದರು.

ಇನ್ನು ನನ್ನ ಬೇಡಿಕೆ. ನಾನು ಹೋದ ದಿನ ಆ ಕಂಬದ ಹತ್ತಿರ ಇದು ಕನ್ನಡ ಶಾಸನ ಅಂತ ಹೇಳುವ ಒಂದು ಫಲಕ ನನ್ನ ಕಣ್ಣಿಗೆ ಬೀಳಲಿಲ್ಲ. ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ನಾಲ್ಕು ಸಾಲಿನ ಫಲಕ ಇದ್ದರೆ ಸಾಕು. ಸಂಬಂಧಪಟ್ಟವರಿಗೆ ನಮ್ಮ ಸರ್ಕಾರ ಒಂದು ಕಾಗದ ಬರೆಯಲಿ. ಕಂಚಿಗೆ ಜನರನ್ನು ಕರೆದುಕೊಂಡು ಹೋಗುವವರು ಸೀರೆ ಅಂಗಡಿಯ ಮೂರು ಗಂಟೆಯಲ್ಲಿ ಒಂದನ್ನು ಈ ಗುಡಿಗೆ ಕೊಡಲಿ. ಮಧ್ಯಾಹ್ನ ಹನ್ನೆರಡು, ಹನ್ನೆರಡೂವರೆಗೆ ಗುಡಿಗಳು ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ನಾಲ್ಕರ ಮೇಲೆ, ಹಾಗಾಗಿ ಬೆಳಿಗ್ಗೆಯೇ ಹೋಗಬೇಕು. ಹೋದವರು ದಯವಿಟ್ಟು ಗೋಡೆ, ಕಂಬ ಮುಟ್ಟಬೇಡಿ. ಮರಳುಗಲ್ಲು ಮೆದು, ಕೈ ತಾಗಿದರೆ ಉದುರುತ್ತದೆ. ಈಗಾಗಲೇ ಎಷ್ಟೋ ಶಿಲ್ಪಗಳ ಮೂಗು, ಬೆರಳು ಹೋಗಿವೆ. ಹಿಂದೆ ಯಾರೋ ಗಾರೆ ಮೆತ್ತಿ ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸಿದ್ದಾರೆ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ. ಆ ಶಾಸನದ ಚಿತ್ರ, ಅದರ ಪೂರ್ತಿ ಪಾಠ, ಇವತ್ತಿನ ಕನ್ನಡದಲ್ಲಿ ಅದರ ಅರ್ಥ, ಇಷ್ಟನ್ನು ಪ್ರವಾಸ ಪುಟದಲ್ಲಿ ಒಂದು ಸಲ ಹಾಕಿ. ನನ್ನ ಫೋನಿನ ಫೋಟೊದಲ್ಲಿ ಎರಡು ಸಾಲು ಮಾತ್ರ ಮೂಡಿದೆ, ಅದನ್ನು ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ನಿಮ್ಮ ಫೋಟೊಗ್ರಾಫರ್ ಹೋದರೆ ಟಾರ್ಚನ್ನು ಎದುರಿಂದ ಹಿಡಿಯದೆ ಬದಿಯಿಂದ ಹಿಡಿಯಲು ಹೇಳಿ. ಆಗಲೇ ಅಕ್ಷರ ಕಾಣುವುದು.

ನಿಮ್ಮ ಹಳೆಯ ಓದುಗಿ,
ತುಮಕೂರು