ಪೋಸ್ಟರ್ ಅಂಟಿಸುವ ಮೊದಲು

ಚಿರಂಜೀವಿ ಶಾಲಿನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸಿಬ್ಬಂದಿಯಲ್ಲಿ ಪರಿಸರದ ಕಾಳಜಿ ಮೂಡಿಸುವ ಕೆಲಸವನ್ನು ನಿಮ್ಮ ಎಚ್‌.ಆರ್‌. ವಿಭಾಗಕ್ಕೇ ಒಪ್ಪಿಸಿದ್ದಾರೆ ಅಂತ ಬರೆದಿದ್ದೆ. ಪ್ರತಿಜ್ಞೆ, ಪೋಸ್ಟರ್, ಗಿಡ ನೆಡುವ ದಿನ ಇವುಗಳಿಂದ ಶುರು ಮಾಡಬೇಡ. ಫೋಟೊ ಚೆನ್ನಾಗಿ ಬರುತ್ತದೆ, ಮಾರನೇ ದಿನ ಖಾಲಿ ಕೋಣೆಯಲ್ಲಿ ಎ.ಸಿ. ಎಂದಿನಂತೆ ಓಡುತ್ತಿರುತ್ತದೆ.

ಮಾಡಲು ಗೊತ್ತಿರಬೇಕು, ಮನಸ್ಸಿರಬೇಕು, ಅವಕಾಶವಿರಬೇಕು. ನೀನು ಓದಿದ ಎಎಂಒ (ಸಾಮರ್ಥ್ಯ, ಪ್ರೇರಣೆ, ಅವಕಾಶ) ಚೌಕಟ್ಟು ಇದೇ. 2013ರಲ್ಲಿ ರೆನ್ವಿಕ್, ರೆಡ್‌ಮನ್, ಮ್ಯಾಗ್ವೈರ್ ಎಂಬ ಸಂಶೋಧಕರು ಹಸಿರು ಎಚ್‌.ಆರ್‌. ಕುರಿತ ಅಧ್ಯಯನಗಳನ್ನು ಈ ಮೂರರಡಿಯಲ್ಲೇ ಜೋಡಿಸಿದರು. ಹೆಚ್ಚಿನವರು ಬಹುಮಾನ ಘೋಷಿಸಿ ಮನಸ್ಸಿಗೆ ಕೈಹಾಕುತ್ತಾರೆ. ನೀನು ಅವಕಾಶದಿಂದ ಹೊರಡು.

ಪ್ರಿಂಟರುಗಳೆಲ್ಲ ತಾವಾಗಿಯೇ ಎರಡೂ ಬದಿಗೆ ಮುದ್ರಿಸುವಂತೆ ಹೊಂದಿಸಲು ಹೇಳು. ಪ್ರಯಾಣದ ಅರ್ಜಿಯಲ್ಲಿ ‘ಈ ಸಭೆ ವಿಡಿಯೊದಲ್ಲಿ ಏಕೆ ಆಗದು?’ ಎಂಬ ಒಂದು ಸಾಲು ಸೇರಿಸು. ಕಸ ವಿಂಗಡಿಸಲು ಬುಟ್ಟಿ ಇಟ್ಟರಷ್ಟೇ ಸಾಲದು, ಸಂಜೆ ಆ ಬುಟ್ಟಿಗಳು ಎಲ್ಲಿಗೆ ಹೋಗುತ್ತವೆ ನೋಡು. ಸ್ವಚ್ಛತೆಯವರಿಗೆ ಒಂದೇ ಗಾಡಿ ಕೊಟ್ಟಿದ್ದರೆ ಎಲ್ಲವೂ ಅದರಲ್ಲೇ ಬೆರೆಯುತ್ತದೆ. ಅದನ್ನು ಒಮ್ಮೆ ಕಂಡವರು ಮತ್ತೆ ವಿಂಗಡಿಸುವುದಿಲ್ಲ. ತಪ್ಪು ಸ್ವಚ್ಛತೆಯವರದ್ದಲ್ಲ. ಗುತ್ತಿಗೆಯವರೆಂದು ಅವರನ್ನು ತರಬೇತಿಯಿಂದ ಹೊರಗಿಟ್ಟವರದ್ದು.

ತರಬೇತಿ ಆಯಾ ಕೆಲಸಕ್ಕೆ ತಕ್ಕಂತಿರಲಿ. ರಾಸಾಯನಿಕದ ಉಗ್ರಾಣದವರಿಗೆ ಚೆಲ್ಲಿದ್ದನ್ನು ಚರಂಡಿ ಸೇರದಂತೆ ತಡೆಯುವುದು ಗೊತ್ತಿರಬೇಕು. ದುರಸ್ತಿಯವರಿಗೆ ಯಂತ್ರಗಳಿಗೆ ಒತ್ತಿದ ಗಾಳಿ ಒಯ್ಯುವ ಕೊಳವೆಯ ಸೋರಿಕೆ ಹುಡುಕುವುದು ಗೊತ್ತಿರಬೇಕು. ಊಟದ ಬಿಡುವಿನಲ್ಲಿ, ಯಂತ್ರಗಳು ನಿಂತು ಕಂಪ್ರೆಸರ್ ಮಾತ್ರ ಓಡುತ್ತಿರುವಾಗ, ಆ ‘ಸುಸ್’ ಸದ್ದು ಕಿವಿಗೇ ಸಿಗುತ್ತದೆ. ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 14001ರ 2015ರ ಆವೃತ್ತಿ ಸಾಮರ್ಥ್ಯವನ್ನು ವಿಧಿ 7.2ರಲ್ಲೂ ಅರಿವನ್ನು 7.3ರಲ್ಲೂ ಬೇರೆಬೇರೆಯಾಗಿಯೇ ಇಟ್ಟಿದೆ. ಹಾಜರಿ ಪಟ್ಟಿಯ ಸಹಿ ಸಾಮರ್ಥ್ಯವಲ್ಲ. ಆರು ವಾರ ಬಿಟ್ಟು ಹೋಗಿ ‘ಮಾಡಿ ತೋರಿಸಿ’ ಅನ್ನು.

ಎಲ್ಲರೂ ಎಡವುವುದು ಅಪ್ರೈಸಲ್‌ನಲ್ಲಿ, ಅಂದರೆ ನೌಕರರ ಕೆಲಸಕ್ಕೆ ಅಂಕ ಹಾಕುವಲ್ಲಿ. ಇಡೀ ಕಟ್ಟಡದ ಕರೆಂಟ್ ಬಿಲ್ಲನ್ನು ಒಬ್ಬ ಗುಮಾಸ್ತನ ಗುರಿಯಾಗಿ ಬರೆದರೆ ಅವನು ಏನು ಮಾಡಿಯಾನು? ಅವರವರ ಕೈಯಳತೆಯಲ್ಲಿರುವ ಒಂದೆರಡು ಗುರಿ ಸಾಕು. ಹಿಂದಿನ 12 ತಿಂಗಳ ಅಂಕಿಯನ್ನು ಆಧಾರವಾಗಿಟ್ಟುಕೊಂಡು, ಬಳಕೆಯನ್ನು ಉತ್ಪಾದನೆಯಿಂದ ಭಾಗಿಸು. ಇಲ್ಲದಿದ್ದರೆ ಆರ್ಡರ್ ಇಲ್ಲದೆ ಬಿಲ್ ಇಳಿದದ್ದಕ್ಕೂ ಶಹಬ್ಬಾಸ್ ಸಿಕ್ಕಿಬಿಡುತ್ತದೆ. ಈ ಗುರಿಗಳಿಗೆ ನೂರಕ್ಕೆ ಎರಡು ಅಂಕ ಇಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ಹತ್ತರ ಸುಮಾರಿಗೆ ಇಡು. ಸೋರಿಕೆ ಸರಿಪಡಿಸಲು ಯಂತ್ರ ನಿಲ್ಲಿಸಿದ ಸಮಯವನ್ನು ಸೂಪರ್‌ವೈಸರನ ಉತ್ಪಾದನಾ ಲೆಕ್ಕದಿಂದ ಹೊರಗಿಡುವುದನ್ನು ಮರೆಯಬೇಡ. ಇದನ್ನು ಬಿಟ್ಟರೆ ನಿನ್ನ ಹತ್ತು ಅಂಕಕ್ಕಾಗಿ ಅವನು ಉಳಿದ ತೊಂಬತ್ತನ್ನು ಕಳೆದುಕೊಳ್ಳುವವನಲ್ಲ.

‘ಸೋರಿಕೆ ಸೊನ್ನೆ’ ಎಂಬ ಗುರಿಯನ್ನಂತೂ ಬರೆಯಲೇಬೇಡ. ಸೋರಿಕೆ ನಿಲ್ಲುವುದಿಲ್ಲ, ವರದಿ ನಿಲ್ಲುತ್ತದೆ. ವರದಿ ಬಂದ ಮೇಲೆ ಸರಿಪಡಿಸಲು ಎಷ್ಟು ಗಂಟೆ ಹಿಡಿಯಿತು ಎಂಬುದನ್ನು ಅಳೆ.

ಹಣದ ವಿಷಯದಲ್ಲಿ ಜೋಪಾನ. ಇಸ್ರೇಲ್‌ನ ಶಿಶುವಿಹಾರಗಳಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ದಂಡ ಹಾಕಿದಾಗ ತಡ ಮಾಡುವವರು ಹೆಚ್ಚಾದರು, ದಂಡ ತೆಗೆದ ಮೇಲೂ ಕಡಿಮೆಯಾಗಲಿಲ್ಲ ಎಂದು ಅರ್ಥಶಾಸ್ತ್ರಜ್ಞರಾದ ನೀಜಿ ಮತ್ತು ರುಸ್ಟಿಕಿನಿ 2000ದಲ್ಲಿ ತೋರಿಸಿದರು. ದಂಡವಾಗಲಿ ಬಹುಮಾನವಾಗಲಿ, ಕರ್ತವ್ಯಕ್ಕೆ ಬೆಲೆಚೀಟಿ ಅಂಟಿಸಿದೆಯೋ, ಅದು ವ್ಯಾಪಾರವಾಗುತ್ತದೆ. ಕೊಡುವುದಿದ್ದರೆ ತಂಡಕ್ಕೆ ಕೊಡು.

ಸಲಹೆ ಕೇಳು, ಆದರೆ ಉತ್ತರ ಕೊಡಲು ಪುರಸೊತ್ತಿದ್ದರೆ ಮಾತ್ರ. ಅಮೆರಿಕದ 3ಎಂ ಕಂಪನಿ 1975ರಲ್ಲೇ ನೌಕರರ ಸಲಹೆಗಳ ಮೇಲೆ ಮಾಲಿನ್ಯ ತಡೆಯುವ ಯೋಜನೆ ಕಟ್ಟಿತು. ಎರಡು ವಾರದೊಳಗೆ ಮರುಮಾತು ಹೋಗಬೇಕು. ಆಗುವುದಿಲ್ಲವೆಂದರೆ ಏಕೆಂಬ ಕಾರಣದ ಜೊತೆಗೆ. ಮೂರು ಚೀಟಿಗೆ ಉತ್ತರ ಬರದಿದ್ದರೆ ನಾಲ್ಕನೆಯದು ಬೀಳುವುದಿಲ್ಲ.

ನೇಮಕಾತಿಯದು ಹೆಚ್ಚೇನಿಲ್ಲ. ಹುದ್ದೆಯ ವಿವರದಲ್ಲಿ ಒಂದು ಸಾಲು, ಸಂದರ್ಶನದಲ್ಲಿ ಒಂದು ಪ್ರಶ್ನೆ. ಜಾಹೀರಾತಿನಲ್ಲಿ ಇಲ್ಲದ ಹಸಿರು ತೋರಿಸಬೇಡ, ಅದನ್ನು ನಂಬಿ ಬಂದವರೇ ಮೊದಲು ಬಿಟ್ಟುಹೋಗುತ್ತಾರೆ.

ಅಪ್ರೈಸಲ್ ನಮೂನೆಯ ಕರಡು ಬರೆದ ಮೇಲೆ ಕಳಿಸು, ಸೂಪರ್‌ವೈಸರನ ಕಣ್ಣಿನಿಂದ ಒಮ್ಮೆ ಓದಿ ನೋಡುತ್ತೇನೆ.

ಇಂತು,
ನಿನ್ನ ದೊಡ್ಡಪ್ಪ