ಹತ್ತಕ್ಕೆ ನಿಲ್ಲಿಸಿದವನು

ಪ್ರೀತಿಯ ಸುರೇಶ,

"ಫೆಲ್ಟ್ ಅಂತ ಯಾವುದೋ ಬ್ಯಾಂಡ್ ಬಗ್ಗೆ ಯಾವಾಗಲೂ ಕೊರೆಯುತ್ತೀಯಲ್ಲ, ಎಲ್ಲಿಂದ ಶುರು ಮಾಡಲಿ ಹೇಳು" ಅಂತ ನೀನು ಕೇಳಿದ್ದೆ. ಮೊಬೈಲಿನಲ್ಲಿ ಎರಡು ಸಾಲು ಬರೆದು ಅಳಿಸಿದೆ. ಎರಡು ಸಾಲಿಗೆ ಮುಗಿಯುವ ಮಾತಲ್ಲ ಇದು. ಟೀ ಮಾಡಿಕೊಂಡು ಕೂತು ಓದು.

ಮೊದಲು ಲೆಕ್ಕ. ಹತ್ತು ವರ್ಷ, ಹತ್ತು ಆಲ್ಬಂ, ಹತ್ತು ಸಿಂಗಲ್ (ಒಂದೆರಡು ಹಾಡಿನ ಚಿಕ್ಕ ರೆಕಾರ್ಡ್). 1989 ಮುಗಿಯುವ ಹೊತ್ತಿಗೆ ಅಂಗಡಿ ಬಾಗಿಲು ಹಾಕಿದರು. ಬ್ಯಾಂಡಿನ ಯಜಮಾನ ಲಾರೆನ್ಸ್. ಹಿಂದೆ ಮುಂದೆ ಏನೂ ಇಲ್ಲ, ಬರೀ ಲಾರೆನ್ಸ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಕ್ಕದ ವಾಟರ್ ಆರ್ಟನ್ ಅನ್ನುವ ಹಳ್ಳಿಯಲ್ಲಿ ಬೆಳೆದವನು. ಈ ಹತ್ತರ ಲೆಕ್ಕ ಮೊದಲೇ ಹಾಕಿಕೊಂಡಿದ್ದು ಅಂತ ಅವನು ಹೇಳುತ್ತಾನೆ. ನನಗೆ ಪೂರ್ತಿ ನಂಬಿಕೆ ಇಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

1979ರ 'ಇಂಡೆಕ್ಸ್' ಅನ್ನುವ ಸಿಂಗಲ್ ಅವನೊಬ್ಬನೇ ಮಾಡಿದ್ದು. ಮಲಗುವ ಕೋಣೆಯಲ್ಲಿ ಕೂತು, ಗಿಟಾರ್ ಕೆರೆಯುತ್ತಾ, ಏನೋ ಗೊಣಗುತ್ತಾ ಕ್ಯಾಸೆಟ್ಟಿಗೆ ತುಂಬಿಸಿದ್ದು. ಒಂದು ಸಲ ಕೇಳು, ಸಾಕು.

ಆಮೇಲೆ ಮಾರಿಸ್ ಡೀಬ್ಯಾಂಕ್ ಸೇರಿಕೊಂಡ. ಅದೇ ಹಳ್ಳಿಯ ಹುಡುಗ, ಕ್ಲಾಸಿಕಲ್ ಗಿಟಾರ್ ಕಲಿತವನು. 1982ರ ಮೊದಲ ಆಲ್ಬಂ 'ಕ್ರಂಬ್ಲಿಂಗ್ ದಿ ಆಂಟಿಸೆಪ್ಟಿಕ್ ಬ್ಯೂಟಿ'. ಆರೇ ಹಾಡು, ಅರ್ಧ ಗಂಟೆ. ಇದನ್ನು ನೀನು ಕೇಳಲೇಬೇಕು, ಡ್ರಮ್ಸ್ ಬಾರಿಸುವವನಲ್ವಾ? ಇದರಲ್ಲಿ ಡ್ರಮ್ಮರ್ ಗ್ಯಾರಿ ಏಂಜ್‌ಗೆ ಲಾರೆನ್ಸ್ ಸಿಂಬಲ್, ಅದೇ ಆ ಲೋಹದ ತಟ್ಟೆಗಳನ್ನು, ಮುಟ್ಟಲು ಬಿಡಲಿಲ್ಲ. ಕಾಲೇಜಿನಲ್ಲಿ ನಿನಗೆ ಯಾರಾದರೂ ಹಾಗೆ ಹೇಳಿದ್ದರೆ ಅವತ್ತೇ ಕಡ್ಡಿ ಬಿಸಾಕಿ ಮನೆಗೆ ಹೋಗುತ್ತಿದ್ದೆ. ಆದರೆ ಕೇಳಿ ನೋಡು. ಆ ಝಣಝಣ ಇಲ್ಲದ್ದಕ್ಕೆ ಹಾಡಿನ ಮೇಲುಗಡೆ ಎಲ್ಲಾ ಖಾಲಿ ಖಾಲಿ. ಅಲ್ಲಿ ಡೀಬ್ಯಾಂಕ್ ಒಂದೊಂದೇ ತಂತಿ ಮೀಟುತ್ತಾ ಓಡಾಡುತ್ತಾನೆ. ಕೆಳಗೆ ಡ್ರಮ್ಸ್, ದೂರದ ಊರಿನ ತಮಟೆ ಗಾಳಿಯಲ್ಲಿ ಬಂದ ಹಾಗೆ. ಮೊದಲನೆಯದು, 'ಎವರ್‌ಗ್ರೀನ್ ಡೇಝ್ಡ್', ಬರೀ ಗಿಟಾರ್. ಹಾಡುಗಾರನ ಮೊದಲ ಆಲ್ಬಂ ಅವನ ದನಿಯೇ ಇಲ್ಲದೆ ಶುರುವಾಗುತ್ತದೆ!

1984ರಲ್ಲಿ ಎರಡು ಆಲ್ಬಂ ಬಂದವು. 'ದ ಸ್ಪ್ಲೆಂಡರ್ ಆಫ್ ಫಿಯರ್' ಮೊದಲನೆಯದರ ತಮ್ಮ. ಇನ್ನೊಂದನ್ನು ಸದ್ಯ ಬಿಡು.

1985ರಲ್ಲಿ 'ಇಗ್ನೈಟ್ ದ ಸೆವೆನ್ ಕ್ಯಾನನ್ಸ್'. ಮಾಡಿಸಿದವನು ಕಾಕ್ಟೋ ಟ್ವಿನ್ಸ್ ಬ್ಯಾಂಡಿನ ರಾಬಿನ್ ಗತ್ರಿ. ಅವನ ಕೈಗೆ ಸಿಕ್ಕಿದ್ದೆಲ್ಲ ಮಂಜು ಮುಸುಕಿದ ಹಾಗೆ ಆಗುತ್ತದೆ, ಇದೂ ಹಾಗೇ ಆಯಿತು. ಆದರೆ ಅದರಲ್ಲೇ 'ಪ್ರಿಮಿಟಿವ್ ಪೇಂಟರ್ಸ್' ಇರುವುದು. ಲಾರೆನ್ಸ್ ತನ್ನ ಪಾಡಿಗೆ ಮಾತಾಡಿದಂತೆ ಹಾಡುತ್ತಿರುತ್ತಾನೆ, ಹಿಂದಿನಿಂದ ಕಾಕ್ಟೋ ಟ್ವಿನ್ಸ್‌ನ ಗಾಯಕಿ ಎಲಿಜಬೆತ್ ಫ್ರೇಸರ್ ದನಿ ಏರಿ ಬರುತ್ತದೆ. ಆರು ನಿಮಿಷ ಹೋಗಿದ್ದೇ ಗೊತ್ತಾಗಲ್ಲ. ಬ್ರಿಟನ್ನಿನ ಇಂಡೀ ಪಟ್ಟಿಯಲ್ಲಿ, ಅಂದರೆ ಸ್ವತಂತ್ರ ಸಣ್ಣ ಕಂಪನಿಗಳ ರೆಕಾರ್ಡುಗಳ ಪಟ್ಟಿಯಲ್ಲಿ, ಒಂದನೇ ಜಾಗಕ್ಕೆ ಹೋಯಿತು. ಅಷ್ಟರಲ್ಲಿ ಡೀಬ್ಯಾಂಕ್ ಬ್ಯಾಂಡ್ ಬಿಟ್ಟ.

ಈಗ ಬೇರೆ ಯಾರೇ ಆಗಿದ್ದರೂ ಅಂಥದ್ದೇ ಇನ್ನೊಂದು ಹಾಡು ಮಾಡುತ್ತಿದ್ದರು. ಈ ಪುಣ್ಯಾತ್ಮ ಕ್ರಿಯೇಷನ್ ಅನ್ನುವ ರೆಕಾರ್ಡ್ ಕಂಪನಿಗೆ ಹೋಗಿ, 1986ರಲ್ಲಿ ಮಾತೇ ಇಲ್ಲದ ಹತ್ತು ಪುಟಾಣಿ ವಾದ್ಯದ ತುಣುಕುಗಳ ಆಲ್ಬಂ ಬಿಟ್ಟ. ಪೂರ್ತಿ ಇಪ್ಪತ್ತು ನಿಮಿಷ ಕೂಡ ಇಲ್ಲ. ಮದುವೆ ಊಟಕ್ಕೆ ಕರೆದು ಪಾನಕ ಕೊಟ್ಟು ಕಳಿಸಿದ ಹಾಗೆ.

ಅದೇ ವರ್ಷದ ಆರನೆಯದೇ ನೀನು ಮೊದಲು ಕೇಳಬೇಕಾದದ್ದು. 'ಫಾರೆವರ್ ಬ್ರೀದ್ಸ್ ದ ಲೋನ್ಲಿ ವರ್ಡ್'. ಎಂಟು ಹಾಡು, ಅರ್ಧ ಗಂಟೆ ಚಿಲ್ಲರೆ. ಡೀಬ್ಯಾಂಕ್ ಗಿಟಾರ್ ಇದ್ದ ಜಾಗದಲ್ಲಿ ಈಗ ಮಾರ್ಟಿನ್ ಡಫಿಯ ಹ್ಯಾಮಂಡ್ ಆರ್ಗನ್. ಬ್ಯಾಂಡಿಗೆ ಬಂದಾಗ ಇನ್ನೂ ಮೀಸೆ ಚಿಗುರುವ ವಯಸ್ಸಿನ ಹುಡುಗ. ಆರ್ಗನ್ ಎಲ್ಲೂ ಸುಮ್ಮನಿರಲ್ಲ. ಲಾರೆನ್ಸ್ ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅದು ಒಂದು ಸುತ್ತು ಹೋಗಿ ಬಂದಿರುತ್ತದೆ. 'ರೇನ್ ಆಫ್ ಕ್ರಿಸ್ಟಲ್ ಸ್ಪೈರ್ಸ್' ಶುರುವಾದ ಕೂಡಲೇ ನಿನಗೇ ಗೊತ್ತಾಗುತ್ತದೆ.

ಇದರ ಹಳೇ ಎಲ್‌ಪಿ ಒಂದನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಮಾರಿದವನು "ಚೆನ್ನಾಗಿದೆ" ಅಂತ ಹಾಕಿದ್ದ. ಬಿಚ್ಚಿ ನೋಡಿದರೆ ಕರಿದ ಹಪ್ಪಳದ ಹಾಗೆ ಸೊಟ್ಟ. ಪ್ಲೇಯರ್ ಮೇಲೆ ಇಟ್ಟರೆ ಮುಳ್ಳು ದೋಣಿಯ ಹಾಗೆ ಏರಿ ಇಳಿಯುತ್ತದೆ, ಆರ್ಗನ್ ವಾಲಾಡುತ್ತದೆ. ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಕವರಿನ ಮೇಲೆ ಲಾರೆನ್ಸ್ ಇಲ್ಲ, ಡಫಿಯ ಮುಖ ಇದೆ. ಅದರಲ್ಲೊಂದು ಹಾಡಿನ ಹೆಸರು ಕನ್ನಡದಲ್ಲಿ ಹೇಳುವುದಾದರೆ 'ನನಗೆ ಇಷ್ಟವಾದವರೆಲ್ಲ ಸತ್ತವರೇ'. ಡಫಿ 2022ರ ಡಿಸೆಂಬರಿನಲ್ಲಿ ತೀರಿಕೊಂಡ. ಈಗ ಆ ಹಾಡು ಬಂದಾಗ ಕವರ್ ಮಗುಚಿ ಇಡುತ್ತೇನೆ.

ಏಳನೆಯದು 'ಪೊಯಮ್ ಆಫ್ ದ ರಿವರ್', ಚಿಕ್ಕದು, ಚೊಕ್ಕ. ಎಂಟನೆಯದರ ಒಂದು ಬದಿ ಲಾರೆನ್ಸ್ ಹಾಡು, ಇನ್ನೊಂದು ಬದಿ ಡಫಿಯ ಪಿಯಾನೋ. ಒಂಬತ್ತನೆಯದು, 1988ರ 'ಟ್ರೇನ್ ಅಬವ್ ದ ಸಿಟಿ', ಇನ್ನೂ ತಮಾಷೆ. ಡಫಿ, ಏಂಜ್ ಇಬ್ಬರೇ ಕೂತು ಜಾಝ್ ನುಡಿಸಿದ್ದಾರೆ. ಲಾರೆನ್ಸ್ ಹಾಡಿಲ್ಲ, ಗಿಟಾರ್ ಮುಟ್ಟಿಲ್ಲ. ತುಣುಕುಗಳಿಗೆ ಹೆಸರಿಟ್ಟಿದ್ದಷ್ಟೇ ಅವನ ಕೆಲಸ. 'ಸೀಹಾರ್ಸಸ್ ಆನ್ ಬ್ರಾಡ್‌ವೇ' ಅಂತೆ! ಸೋದರತ್ತೆ ಬಂದು ಮಗುವಿಗೆ ಹೆಸರಿಟ್ಟು ಹೋದ ಹಾಗೆ. ನನ್ನ ಅನುಮಾನ ಇಲ್ಲೇ ಇರುವುದು. ಇಪ್ಪತ್ತು ನಿಮಿಷದ್ದೊಂದು, ಅವನೇ ಇಲ್ಲದ್ದೊಂದು, ಅರ್ಧ ಡಫಿಯದ್ದೊಂದು. ಹತ್ತು ಆಗಲೇಬೇಕು ಅಂತ ತುಂಬಿಸಿದ್ದಲ್ವಾ ಇದು? ಆದರೂ ಒಂಬತ್ತನೆಯದನ್ನು ರಾತ್ರಿ ಪಾತ್ರೆ ತೊಳೆಯುವಾಗ ಹಾಕಿಕೊಳ್ಳುತ್ತೇನೆ. ಚೆನ್ನಾಗಿದೆ ಮಾರಾಯ.

ಹತ್ತನೆಯದು 1989ರ 'ಮೀ ಆ್ಯಂಡ್ ಎ ಮಂಕಿ ಆನ್ ದ ಮೂನ್'. ಬಾಲ್ಯದ ನೆನಪುಗಳು, ಬಿ.ಜೆ. ಕೋಲ್ ನುಡಿಸಿದ ಸ್ಟೀಲ್ ಗಿಟಾರ್. ದನಿಯಲ್ಲಿ ಆ ಬಿಗಿ ಇಲ್ಲ. ಇಲ್ಲಿಗೆ ಬಂದವನು ಮುಂದುವರಿಸಬಹುದಿತ್ತು. ಮುಂದುವರಿಸಲಿಲ್ಲ.

ಹಾಗಂತ ಕೈ ತೊಳೆದುಕೊಂಡನಾ? ಎಲ್ಲಿ! 2018ರಲ್ಲಿ ಹಳೇ ಆಲ್ಬಂಗಳು ಮತ್ತೆ ಬಂದಾಗ, ಆ ಇಪ್ಪತ್ತು ನಿಮಿಷದ್ದಕ್ಕೆ 'ದ ಸೆವೆಂಟೀಂತ್ ಸೆಂಚುರಿ' ಅಂತ ಹೆಸರನ್ನೇ ಬದಲಾಯಿಸಿದ. ಗತ್ರಿ ಮಂಜು ಮುಸುಕಿಸಿದ್ದನ್ನು ಹೊಸದಾಗಿ ಮಿಕ್ಸ್ ಮಾಡಿಸಿದ. ಮೂವತ್ತು ವರ್ಷದ ಹಿಂದೆ ಕಟ್ಟಿದ ಮನೆಗೆ ಇನ್ನೂ ಬಾಗಿಲು ಕೂರಿಸುತ್ತಿದ್ದಾನೆ.

ಅದೃಷ್ಟ ಮಾತ್ರ ಯಾವತ್ತೂ ಕೈ ಹಿಡಿಯಲಿಲ್ಲ. ಮುಂದಿನ ಬ್ಯಾಂಡ್ ಡೆನಿಮ್. 1997ರಲ್ಲಿ 'ಸಮ್ಮರ್ ಸ್ಮ್ಯಾಶ್' ಅನ್ನುವ ಹಾಡು ಇನ್ನೇನು ಹೊರಬರಬೇಕು, ರಾಜಕುಮಾರಿ ಡಯಾನಾ ಕಾರು ಅಪಘಾತದಲ್ಲಿ ಸತ್ತಳು. 'ಸ್ಮ್ಯಾಶ್' ಅಂದರೆ ಡಿಕ್ಕಿ ಅಂತಲೂ ಆಗುತ್ತದೆ, ಅಂಥ ಹೆಸರಿನ ಹಾಡನ್ನು ಆಗ ಯಾರು ಬಿಡುತ್ತಾರೆ? ಕಂಪನಿ ತಡೆದುಬಿಟ್ಟಿತು.

ಈಗ ನೀನು ಮಾಡಬೇಕಾದದ್ದು: ಆರನೆಯದು, ಆಮೇಲೆ 'ಪ್ರಿಮಿಟಿವ್ ಪೇಂಟರ್ಸ್', ಆಮೇಲೆ ಮೊದಲನೆಯದು. ಉಳಿದದ್ದು ನಿನ್ನಿಷ್ಟ. ಅಟ್ಟದ ಮೇಲಿರುವ ಡ್ರಮ್ಸ್ ಇಳಿಸು. ಸಿಂಬಲ್ ಅಲ್ಲೇ ಇರಲಿ. ಹತ್ತು ನಿಮಿಷ ಬಾರಿಸಿ ರೆಕಾರ್ಡ್ ಮಾಡಿ ಕಳಿಸು.

ನಿನ್ನ,
ರಾಘು